ವಾರ್ಡಿನ ನೆಮ್ಮದಿಯನ್ನು ಅಳೆದು ಗ್ರಾಮಸಭೆಗೆ ಒಯ್ಯುವುದು ಹೇಗೆ

ಕಾಸರಗೋಡಿನ ಯಾವ ಪಂಚಾಯತ್ ಕಚೇರಿಗೆ ಹೋದರೂ ಲೆಕ್ಕಕ್ಕೆ ಕೊರತೆ ಇಲ್ಲ. ಎಷ್ಟು ಮೀಟರ್ ರಸ್ತೆಗೆ ಕಾಂಕ್ರೀಟ್ ಬಿತ್ತು, ಎಷ್ಟು ಬೀದಿದೀಪ ಹಾಕಿದರು, ಎಷ್ಟು ಮನೆಗೆ ನಳ್ಳಿ ಬಂತು, ಎಲ್ಲ ಸಿಗುತ್ತದೆ. ಆ ನಳ್ಳಿಯಲ್ಲಿ ಏಪ್ರಿಲ್ ತಿಂಗಳು ನೀರು ಬಂತಾ? ದೀಪ ಹಾಕಿದ ಮೇಲೆ ಹುಡುಗಿಯರು ಸಂಜೆ ಏಳರ ಬಸ್ಸಿಳಿದು ಧೈರ್ಯವಾಗಿ ಮನೆಗೆ ನಡೆಯುತ್ತಾರಾ? ಇದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಈ ಎರಡನೆಯ ಲೆಕ್ಕವನ್ನು ಊರಿನವರೇ ತೆಗೆಯಬಹುದು. ಒಂದು ಕ್ಲಬ್, ಒಂದು ಗ್ರಂಥಾಲಯ, ಎರಡು ಮೂರು ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಗುಂಪು) ಘಟಕಗಳು ಸೇರಿದರೆ ಒಂದು ವಾರ್ಡಿಗೆ ಸಾಕು. ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಇದು ಹೊಸ ಹುಚ್ಚೇನೂ ಅಲ್ಲ. ಭೂತಾನ್ 9 ವಿಭಾಗ ಮಾಡಿಕೊಂಡು ಜನರ ಸಂತೋಷ ಅಳೆಯುತ್ತದೆ. ಬ್ರಿಟನ್ನಿನ ಅಂಕಿಅಂಶ ಕಚೇರಿ 2011ರಿಂದ ಜನರ ಹತ್ತಿರ ನಾಲ್ಕು ಸರಳ ಪ್ರಶ್ನೆ ಕೇಳುತ್ತ ಬಂದಿದೆ. ನ್ಯೂಜಿಲೆಂಡ್ 2019ರಲ್ಲಿ ಬಜೆಟ್ಟನ್ನೇ ಜನರ ಒಳಿತಿನ ಲೆಕ್ಕದಲ್ಲಿ ಮಂಡಿಸಿತು. ಅಷ್ಟು ದೂರ ಯಾಕೆ, ಕೇರಳದಲ್ಲೇ ಕಡುಬಡತನದ ಸಮೀಕ್ಷೆ ನಡೆಯಿತಲ್ಲ. ಆಹಾರ, ಆರೋಗ್ಯ, ಮನೆ, ಆದಾಯ ಎಂಬ ನಾಲ್ಕು ವಿಷಯ ನೋಡಿ 64,006 ಕುಟುಂಬಗಳನ್ನು ಗುರುತಿಸಿದರು. ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಯೋಜನೆ ಬರೆದರು. ಕಡುಬಡತನ ನೀಗಿತು ಅಂತ 2025ರ ನವೆಂಬರ್ 1ರಂದು ಘೋಷಿಸಿದ್ದರ ಬಗ್ಗೆ ವಾದ ಇದೆ, ಇರಲಿ. ನನಗೆ ಹಿಡಿಸಿದ್ದು ಅದರ ಕ್ರಮ. ಕೇಳಿದ ಪ್ರಶ್ನೆಗೂ ಮುಂದೆ ಮಾಡುವ ಕೆಲಸಕ್ಕೂ ಅಲ್ಲಿ ನೇರ ಗಂಟು ಇತ್ತು. ಆ ಗಂಟು ಇಲ್ಲದ ಸಮೀಕ್ಷೆ ಸುಮ್ನೆ ಕಾಗದ ಹಾಳು.

ಮೊದಲು ಬಾಗಿಲು, ಆಮೇಲೆ ಪ್ರಶ್ನೆ

ಹೆಚ್ಚಿನವರು ಪ್ರಶ್ನಾವಳಿಯಿಂದ ಶುರು ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಒಂದು ಹಾಳೆಯಲ್ಲಿ ಯಾವ ಕೆಲಸ ಯಾರ ಕೈಯಲ್ಲಿದೆ ಅಂತ ಬರೆಯಿರಿ. ಅಂಗನವಾಡಿ, ಕುಟುಂಬಾರೋಗ್ಯ ಕೇಂದ್ರ, ಕೃಷಿ ಭವನ, ಮೃಗಾಸ್ಪತ್ರೆ, ಒಳರಸ್ತೆ, ಬೀದಿದೀಪ, ಕಸ, ಹಾಸಿಗೆ ಹಿಡಿದವರ ಪಾಲಿಯೇಟಿವ್ ಆರೈಕೆ, ಇವೆಲ್ಲ ಗ್ರಾಮ ಪಂಚಾಯತಿನ ಹತ್ತಿರ ಬರುತ್ತವೆ. ತಾಲೂಕು ಆಸ್ಪತ್ರೆ ಬ್ಲಾಕ್ ಪಂಚಾಯತಿಗೆ ಸೇರಿದ್ದು. ಸರಕಾರಿ ಹೈಸ್ಕೂಲು ಮತ್ತು ಜಿಲ್ಲಾಸ್ಪತ್ರೆ ಜಿಲ್ಲಾ ಪಂಚಾಯತಿನದು. ಕರೆಂಟು, ಕೆಎಸ್‌ಆರ್‌ಟಿಸಿ ಬಸ್ಸು ರಾಜ್ಯದ್ದು. ತಲಪಾಡಿಯಿಂದ ಈಚೆ ಅಗಲವಾದ ಹೆದ್ದಾರಿ 66ನ್ನು ಎಲ್ಲಿ ದಾಟಬೇಕು ಎಂಬ ಗೋಳು ಕೇಂದ್ರದ ಬಾಗಿಲಿಗೆ ಹೋಗಬೇಕು.

ಈಗ ಪ್ರಶ್ನೆ ಬರೆಯಿರಿ. ಒಂದೊಂದರ ಎದುರೂ ಅದರ ಬಾಗಿಲನ್ನು ಗುರುತು ಮಾಡಿ. ಬಾಗಿಲು ಸಿಗದ ಪ್ರಶ್ನೆ ಎಷ್ಟು ಚಂದ ಇದ್ದರೂ ಹೊಡೆದು ಹಾಕಿ. ‘ನೀವು ದೇವಸ್ಥಾನಕ್ಕೆ, ಮಸೀದಿಗೆ ತಿಂಗಳಿಗೆ ಎಷ್ಟು ಸಲ ಹೋಗುತ್ತೀರಿ’ ಅಂತ ಕೇಳಿ ಪಂಚಾಯತ್ ಏನು ಮಾಡುತ್ತದೆ, ಹೇಳಿ? ಇಪ್ಪತ್ತು ಪ್ರಶ್ನೆ ಮೀರಬಾರದು. ಹದಿನೈದಕ್ಕೆ ನಿಂತರೆ ಇನ್ನೂ ಒಳ್ಳೆಯದು. ಮನೆಯೊಂದಕ್ಕೆ ಅರ್ಧ ಗಂಟೆ ದಾಟಿದರೆ ಕೊನೆಯ ಉತ್ತರಗಳು ಕಾಟಾಚಾರಕ್ಕೆ ಬರುತ್ತವೆ.

ಕೇಳುವುದು ಏನನ್ನು

ಎರಡು ಬಗೆಯ ಪ್ರಶ್ನೆ ಬೇಕು. ಒಂದು, ಮನಸ್ಸಿಗೆ ಹೇಗನಿಸುತ್ತದೆ ಎಂಬುದು. ಇನ್ನೊಂದು, ನಿಜವಾಗಿ ಏನಾಯಿತು ಎಂಬುದು. ಒಂದೇ ಬಗೆ ಸಾಲದು. ಐವತ್ತು ವರ್ಷ ಗುಡ್ಡೆ ಹತ್ತಿ ಇಳಿದ ಅಜ್ಜಿಯ ಹತ್ತಿರ ‘ದಾರಿ ಹೇಗಿದೆ’ ಅಂದರೆ ‘ಒಳ್ಳೆದಿದೆ ಮಗಾ’ ಅಂತಾರೆ. ಅಭ್ಯಾಸ ಆಗಿಬಿಟ್ಟಿದೆ. ‘ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಆಸ್ಪತ್ರೆಗೆ ಹೋಗಬೇಕೆಂದು ಹೊರಟು ಹೋಗದೆ ಉಳಿದಿರಿ’ ಅಂತ ಕೇಳಿದರೆ ಆಗ ತೋಡು ತುಂಬಿದ ಕತೆ, ಕಾಲುಸಂಕ (ತೋಡು ದಾಟುವ ಸಣ್ಣ ಸೇತುವೆ) ಮುರಿದ ಕತೆ ಹೊರಗೆ ಬರುತ್ತದೆ.

ಮನಸ್ಸಿನ ಪ್ರಶ್ನೆಗೆ ಬ್ರಿಟನ್ನಿನ ಆ ನಾಲ್ಕನ್ನೇ ತೆಗೆದುಕೊಳ್ಳಬಹುದು. ಈಗ ನಿಮ್ಮ ಬದುಕಿನ ಬಗ್ಗೆ ಎಷ್ಟು ತೃಪ್ತಿ ಇದೆ? ನೀವು ಮಾಡುವ ಕೆಲಸಗಳಿಗೆ ಒಂದು ಬೆಲೆ ಇದೆ ಅಂತ ಎಷ್ಟು ಅನಿಸುತ್ತದೆ? ನಿನ್ನೆ ಎಷ್ಟು ಖುಷಿಯಾಗಿದ್ದಿರಿ? ನಿನ್ನೆ ಎಷ್ಟು ಚಿಂತೆ, ಆತಂಕ ಇತ್ತು? ಎಲ್ಲಕ್ಕೂ 0ಯಿಂದ 10ರ ಒಳಗೆ ಉತ್ತರ. ನಾಲ್ಕನೆಯದರಲ್ಲಿ ಮಾತ್ರ ಅಂಕ ಜಾಸ್ತಿ ಇದ್ದಷ್ಟೂ ಕಷ್ಟ ಜಾಸ್ತಿ. ಕೂಡಿಸುವಾಗ ಇದನ್ನು ಬೇರೆಯೇ ಇಡಿ. ಅಂಕ ಹೇಳಲು ಹಿಂಜರಿಯುವ ಹಿರಿಯರ ಮುಂದೆ 10 ಅಡಿಕೆ ಇಟ್ಟು ‘ಇದರಲ್ಲಿ ಎಷ್ಟು ತೆಗೆಯುತ್ತೀರಿ’ ಅಂತ ಕೇಳಿ. ಹತ್ತು ಮೆಟ್ಟಿಲಿನ ಏಣಿಯ ಚಿತ್ರ ತೋರಿಸಿ ‘ನೀವು ಎಷ್ಟನೆಯ ಮೆಟ್ಟಿಲಲ್ಲಿ ನಿಂತಿದ್ದೀರಿ’ ಅನ್ನುವ ರೂಢಿಯೂ ಇದೆ. ಅಡಿಕೆ ಮರದ ಏಣಿ ಕಂಡವರಿಗೆ ಅದು ಬೇಗ ಅರ್ಥವಾಗುತ್ತದೆ.

ನಡೆದ ಸಂಗತಿಯ ಪ್ರಶ್ನೆಗಳು ನಮ್ಮ ನೆಲದಿಂದಲೇ ಹುಟ್ಟಬೇಕು. ಬೇರೆ ಊರಿನ ಪ್ರಶ್ನಾವಳಿ ಇಲ್ಲಿ ನಡೆಯುವುದಿಲ್ಲ.

ನೀರನ್ನೇ ತೆಗೆದುಕೊಳ್ಳಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡೆ ಕೊರೆದ ಸುರಂಗದ ನೀರು ಕುಡಿಯುವ ಮನೆಗಳಿವೆ. ಸರಕಾರದ ಫಾರ್ಮಿನಲ್ಲಿ ಅವರ ಎದುರು ‘ಸ್ವಂತ ನೀರಿನ ಮೂಲ ಇದೆ’ ಅಂತ ಗುರುತು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಮಾರ್ಚ್ ದಾಟಿದ ಮೇಲೆ ಆ ಸುರಂಗದಲ್ಲಿ ಕೊಡ ತುಂಬಲು ಎಷ್ಟು ಹೊತ್ತು ಬೇಕು ಅಂತ ಯಾರೂ ಕೇಳುವುದಿಲ್ಲ. ಆದ್ದರಿಂದ ಹೀಗೆ ಕೇಳಿ: ‘ಕಳೆದ ಬೇಸಿಗೆಯಲ್ಲಿ ಎಷ್ಟು ದಿನ ಹೊರಗಿನಿಂದ ನೀರು ತಂದಿರಿ? ತಂದದ್ದು ಯಾರು?’ ಎರಡನೆಯ ಭಾಗ ಬಿಡಬೇಡಿ. ನೀರು ಹೊರುವುದು ಮನೆಯ ಹೆಂಗಸರಾದರೆ ಅವರ ದಿನದ ಎಷ್ಟು ಹೊತ್ತು ಅದಕ್ಕೇ ಹೋಯಿತು ಅಂತ ಗೊತ್ತಾಗುತ್ತದೆ.

ಆಸ್ಪತ್ರೆಯ ವಿಷಯದಲ್ಲಿ ನಮ್ಮ ಜಿಲ್ಲೆಯ ಕತೆ ಬೇರೆಯೇ. ಗಟ್ಟಿ ಕಾಯಿಲೆ ಬಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿ ರಸ್ತೆಗೆ ಮಣ್ಣು ಹಾಕಿದಾಗ ಆ ದಾರಿಯ ಬೆಲೆ ಎಲ್ಲರಿಗೂ ಗೊತ್ತಾಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರೂ ಬಾಗಿಲು ತೆರೆದದ್ದು 2020ರ ಏಪ್ರಿಲಿನಲ್ಲಿ, ಅದೂ ಕೋವಿಡ್ ಆಸ್ಪತ್ರೆಯಾಗಿ. ಹಾಗಾಗಿ ‘ಆರೋಗ್ಯ ಸೇವೆ ತೃಪ್ತಿಕರವೇ’ ಅಂತ ಕೇಳಿ ಪ್ರಯೋಜನ ಇಲ್ಲ. ‘ಈ ವರ್ಷ ಮಂಗಳೂರಿಗೆ ಯಾವುದಕ್ಕೆ ಹೋದಿರಿ? ಹೋಗಿ ಬರಲು ಎಷ್ಟಾಯಿತು?’ ಅಂತ ಕೇಳಿ. ಹೃದಯದ ಆಪರೇಶನ್ನಿಗೆ ಹೋದದ್ದಾದರೆ ಪಂಚಾಯತ್ ಏನೂ ಮಾಡಲಾಗದು. ಬೀಪಿ, ಶುಗರಿನ ಮಾತ್ರೆಗೆ ಹೋದದ್ದಾದರೆ ಕುಟುಂಬಾರೋಗ್ಯ ಕೇಂದ್ರದಲ್ಲಿ ಏನೋ ತಪ್ಪಿದೆ ಅಂತ ಅರ್ಥ. ಅದು ಸರಿ ಮಾಡಬಹುದಾದ ತಪ್ಪು.

ಇನ್ನೊಂದು ಪ್ರಶ್ನೆ ಕಾಸರಗೋಡಿನಲ್ಲಿ ಕೇಳಲೇಬೇಕು: ‘ಕಚೇರಿಯಿಂದ ಬಂದ ಕಾಗದವನ್ನು ಯಾರಿಂದ ಓದಿಸುತ್ತೀರಿ?’ ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಮಲಯಾಳದ ನೋಟೀಸು ಓದಲು ಬರುವುದಿಲ್ಲ. ಪಿಂಚಣಿಗೆ ಏನೋ ಕಾಗದ ಕೊಡಬೇಕಿತ್ತು, ಗೊತ್ತಾಗಲಿಲ್ಲ, ನಿಂತುಹೋಯಿತು. ಇದು ಎಷ್ಟು ಮನೆಯಲ್ಲಿ ಆಗಿದೆ ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ. ಅಂದ ಹಾಗೆ, 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡದಲ್ಲೇ ಸರಕಾರಿ ಕಚೇರಿಗೆ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು.

ಒಂಟಿತನ, ಸಂಜೆ ನಡೆಯುವ ಧೈರ್ಯ, ಸಾಲ, ಮಕ್ಕಳಿಗೆ ಆಡಲು ಜಾಗ, ಇವುಗಳಿಗೂ ಒಂದೊಂದು ಪ್ರಶ್ನೆ ಇರಲಿ. ಮಕ್ಕಳು ಗಲ್ಫಿನಲ್ಲಿದ್ದು ತಂದೆತಾಯಿ ಇಬ್ಬರೇ ಉಳಿದ ದೊಡ್ಡ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ದುಡ್ಡಿನ ಲೆಕ್ಕದಲ್ಲಿ ಅವರು ಮೇಲೆ, ‘ಕಳೆದ ವಾರ ಮನೆಯವರನ್ನು ಬಿಟ್ಟು ಯಾರ ಹತ್ತಿರ ಮಾತಾಡಿದಿರಿ’ ಎಂಬ ಲೆಕ್ಕದಲ್ಲಿ ಕೆಳಗೆ ಇರಬಹುದು.

ಯಾವ ಮನೆ, ಯಾರ ಹತ್ತಿರ

ಎಲ್ಲ ಮನೆಗೂ ಹೋಗಬೇಕಾಗಿಲ್ಲ. ವಾರ್ಡಿನಲ್ಲಿ 400 ಮನೆ ಇದ್ದರೆ 100 ಸಾಕು. ಮನೆ ನಂಬರಿನ ಪಟ್ಟಿ ಹಿಡಿದು 1ರಿಂದ 4ರ ಒಳಗೆ ಚೀಟಿ ಎತ್ತಿ. 3 ಬಂದರೆ 3, 7, 11, ಹೀಗೆ ನಾಲ್ಕಕ್ಕೊಂದು ಮನೆ. ಪಟ್ಟಿ ಹಳತಾಗಿದ್ದರೆ ಹಸಿರು ಕ್ರಿಯಾಸೇನೆಯ ಅಕ್ಕಂದಿರನ್ನು ಕೇಳಿ. ಪ್ಲಾಸ್ಟಿಕ್ ಸಂಗ್ರಹಕ್ಕೆ ಮನೆಮನೆ ಹತ್ತಿ ಇಳಿಯುವವರು ಅವರು. ಯಾವ ಗುಡ್ಡೆಯ ಹಿಂದೆ ಯಾವ ಮನೆ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಚೀಟಿಯಲ್ಲಿ ಬಂದ ಮನೆ ದೂರ ಅಂತ ಬಿಟ್ಟು ರಸ್ತೆ ಬದಿಯ ಮನೆಗೆ ಹೋದಿರೋ, ಇಡೀ ಲೆಕ್ಕ ಕೆಟ್ಟಿತು. ಕಷ್ಟ ಇರುವುದೇ ಆ ದೂರದ ಮನೆಯಲ್ಲಿ.

ಸಣ್ಣ ಗುಂಪುಗಳಿಗೆ ಮಾತ್ರ ಈ ಕ್ರಮ ಸಾಲದು. ವಾರ್ಡಿನಲ್ಲಿ ಕೊರಗ ಎಂಬ ಬುಡಕಟ್ಟಿನವರ ಏಳೆಂಟು ಮನೆಗಳಿದ್ದರೆ ನಾಲ್ಕಕ್ಕೊಂದರ ಲೆಕ್ಕದಲ್ಲಿ ಒಂದೋ ಎರಡೋ ಸಿಗಬಹುದು, ಸಿಗದೆಯೂ ಇರಬಹುದು. ಅಲ್ಲಿ ಎಲ್ಲ ಮನೆಗೂ ಹೋಗಿ, ಆ ಲೆಕ್ಕವನ್ನು ಬೇರೆಯೇ ಬರೆಯಿರಿ. ಅಂಗವಿಕಲರಿರುವ ಮನೆಗಳಿಗೂ ಹೀಗೆಯೇ.

ಮನೆಯೊಳಗೆ ಯಾರ ಹತ್ತಿರ ಕೇಳಬೇಕು? ಬಾಗಿಲು ತೆರೆದವರ ಹತ್ತಿರ ಅಂತ ಇಟ್ಟುಕೊಂಡರೆ ಯಜಮಾನರೇ ಎಲ್ಲರ ಪರವಾಗಿ ಮಾತಾಡಿ ಮುಗಿಸುತ್ತಾರೆ. ಹದಿನೆಂಟು ದಾಟಿದವರಲ್ಲಿ ಮುಂದಿನ ಹುಟ್ಟುಹಬ್ಬ ಯಾರದ್ದೋ ಅವರ ಹತ್ತಿರ ಕೇಳಿ. ಹುಟ್ಟಿದ ದಿನ ಗೊತ್ತಿಲ್ಲದವರಿದ್ದರೆ ಚೀಟಿ ಎತ್ತಿ. ಅವರು ಮನೆಯಲ್ಲಿಲ್ಲದಿದ್ದರೆ ಇನ್ನೊಂದು ದಿನ ಬನ್ನಿ. ಹಗಲು ಹನ್ನೊಂದಕ್ಕೆ ಹೋದರೆ ತೋಟದ ಕೆಲಸದವರು, ಮಂಗಳೂರಿಗೆ ಹೋಗಿ ಬರುವವರು ಯಾರೂ ಸಿಗುವುದಿಲ್ಲ. ಸಂಜೆ ಮತ್ತು ಆದಿತ್ಯವಾರ ಒಳ್ಳೆಯದು.

ಯಾವ ತಿಂಗಳು ಎಂಬುದೂ ಮುಖ್ಯ. ಆಟಿ ತಿಂಗಳ ಮಳೆಯಲ್ಲಿ ನೀರಿನ ಪ್ರಶ್ನೆ ಕೇಳಿದರೆ ಜನ ನಗುತ್ತಾರೆ. ಏಪ್ರಿಲಿನಲ್ಲಿ ಸಂಕದ ಪ್ರಶ್ನೆ ಕೇಳಿದರೂ ಅದೇ. ಎರಡು ಸಲ ಮಾಡುವಷ್ಟು ಜನ ಇಲ್ಲದಿದ್ದರೆ ನನ್ನ ಆಯ್ಕೆ ಏಪ್ರಿಲ್ ಕೊನೆ. ನೀರಿನ ಕಷ್ಟ ಕಣ್ಣೆದುರಿಗೆ ಇರುತ್ತದೆ, ಮಳೆಗಾಲದ್ದನ್ನು ನೆನಪಿನಿಂದ ಹೇಳಬಹುದು.

ಬಾಗಿಲ ಹತ್ತಿರ

ಕೇಳಲು ಹೋಗುವವರು ಪಕ್ಕದ ವಾರ್ಡಿನವರಾಗಲಿ. ತನ್ನ ನೆರೆಕರೆಯ ಆಶಾ ಕಾರ್ಯಕರ್ತೆ ಎದುರು ಕೂತಿರುವಾಗ ‘ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರಾ’ ಎಂಬ ಪ್ರಶ್ನೆಗೆ ಯಾರು ತಾನೆ ಇಲ್ಲ ಅಂತಾರೆ? ಈ ವಾರ್ಡಿನವರು ಅಲ್ಲಿಗೆ, ಅಲ್ಲಿನವರು ಇಲ್ಲಿಗೆ. ವಾರ್ಡ್ ಮೆಂಬರ್ ಜೊತೆಯಲ್ಲಿ ಬರುವುದು ಬೇಡ. ಅವರು ಎಷ್ಟೇ ಒಳ್ಳೆಯವರಾದರೂ ಬೇಡ. ನಮ್ಮಲ್ಲಿ ಯಾವ ಕೆಲಸಕ್ಕೂ ಪಕ್ಷದ ಬಣ್ಣ ಹತ್ತಲು ಹೊತ್ತು ಬೇಡ. ಆದ್ದರಿಂದ ಹೋಗುವ ಜೋಡಿಯಲ್ಲಿ ಬೇರೆ ಬೇರೆ ಕಡೆಯವರಿರಲಿ. ಒಬ್ಬರಾದರೂ ಹೆಂಗಸಾಗಿರಲಿ.

ಮನೆಯಲ್ಲಿ ಆಡುವ ಮಾತಿನಲ್ಲೇ ಕೇಳಬೇಕು. ಒಂದೇ ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಕನ್ನಡ ಎಲ್ಲ ಇರಬಹುದು. ಬಾಗಿಲ ಹತ್ತಿರ ನಿಂತು ಬಾಯಿಗೆ ಬಂದಂತೆ ತಿರುಗಿಸಿದರೆ ಹತ್ತು ಜನ ಹತ್ತು ಬಗೆಯಲ್ಲಿ ಕೇಳಿದ ಹಾಗಾಗುತ್ತದೆ. ಮೊದಲೇ ಎಲ್ಲರೂ ಕೂತು ಒಂದೊಂದು ಪ್ರಶ್ನೆಯನ್ನು ತುಳುವಿನಲ್ಲಿ, ಬ್ಯಾರಿಯಲ್ಲಿ ಹೇಗೆ ಕೇಳುವುದು ಅಂತ ನಿರ್ಧರಿಸಿ ಕನ್ನಡ ಲಿಪಿಯಲ್ಲೇ ಬರೆದಿಡಿ. ಆಮೇಲೆ ಐದಾರು ಮನೆಯಲ್ಲಿ ಕೇಳಿ ನೋಡಿ. ಜನ ತಬ್ಬಿಬ್ಬಾದ ಪ್ರಶ್ನೆಯನ್ನು ಸರಿ ಮಾಡಿ.

ಹೆಸರು ಬರೆಯಬೇಡಿ. ಆಧಾರ್, ಫೋನ್ ನಂಬರ್ ಬೇಡವೇ ಬೇಡ. ಪ್ರಾಯ, ಗಂಡೋ ಹೆಣ್ಣೋ, ಯಾವ ಬೈಲು (ವಾರ್ಡಿನ ಯಾವ ಭಾಗ), ಇಷ್ಟು ಸಾಕು. ‘ಇದು ಯಾವ ಸಹಾಯಧನದ ಪಟ್ಟಿಯೂ ಅಲ್ಲ’ ಅಂತ ಮೊದಲೇ ಸ್ಪಷ್ಟವಾಗಿ ಹೇಳಿ. ಈ ಮಾತು ನಮ್ಮ ಜಿಲ್ಲೆಯಲ್ಲಿ ಎರಡು ಪಟ್ಟು ಮುಖ್ಯ. ಗೇರು ತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ ಪಟ್ಟಿ ಎಂದರೆ ಏನು ಅಂತ ಜನ ಅನುಭವಿಸಿ ತಿಳಿದಿದ್ದಾರೆ. ಸಂತ್ರಸ್ತರ ಪಟ್ಟಿಯಲ್ಲಿ ಯಾರ ಹೆಸರು ಸೇರಿತು, ಯಾರದ್ದು ಬಿಟ್ಟಿತು ಎಂಬುದರ ಮೇಲೆ ಚಿಕಿತ್ಸೆ, ಪಿಂಚಣಿ ಎಲ್ಲ ನಿಂತಿತ್ತು. ಸುಪ್ರೀಂ ಕೋರ್ಟ್ 2017ರಲ್ಲಿ 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶ ಕೊಟ್ಟ ಮೇಲೂ ಪಟ್ಟಿಯ ಜಗಳ ಮುಗಿಯಲಿಲ್ಲ. ಅಲ್ಲಿಗೆ ಅಧ್ಯಯನಕ್ಕೆ ಅಂತ ಬಂದು ಹೋದವರೂ ಬಹಳ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ‘ಇದರಿಂದ ನಮಗೇನು’ ಅಂತ ಯಾರಾದರೂ ಗದರಿದರೆ ಸುಮ್ಮನೆ ಕೇಳಿಸಿಕೊಳ್ಳಿ. ಕೇಳುವ ಹಕ್ಕು ಅವರಿಗಿದೆ. ಹಾಗಂತ ಲೆಕ್ಕ ಬೇಡ ಅಂತಲ್ಲ. ಕಾಯಿಲೆಗಳು ಒಂದೇ ಕಡೆ ಯಾಕಿಷ್ಟು ಜಾಸ್ತಿ ಅಂತ ಗುರುತು ಹಾಕಿ ಬರೆದ ಊರಿನ ವೈದ್ಯರಿಂದಲೇ ಆ ಸಂಗತಿ ಹೊರಜಗತ್ತಿಗೆ ತಿಳಿದದ್ದು.

ಮನಸ್ಸಿನ ಪ್ರಶ್ನೆ ಕೇಳುವಾಗ ಯಾರಾದರೂ ಅತ್ತರೆ, ಅಥವಾ ಬದುಕು ಬೇಡ ಅನ್ನುವಂಥ ಮಾತು ಬಂದರೆ ಫಾರ್ಮನ್ನು ಮಡಚಿಡಿ. ಅವರ ಜೊತೆ ಕೂತುಕೊಳ್ಳಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ನಂಬರ್ 14416 ಪ್ರತಿಯೊಬ್ಬರ ಕೈಯಲ್ಲೂ ಇರಬೇಕು. ಅವರ ಒಪ್ಪಿಗೆ ಕೇಳಿ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕೂಡಿಸುವುದು

ಇದಕ್ಕೆ ಕಂಪ್ಯೂಟರ್ ಪಂಡಿತರು ಬೇಡ. ಹೈಸ್ಕೂಲಿನ ಮಕ್ಕಳು ಮೊಬೈಲಿನಲ್ಲೇ ಮಾಡಿಕೊಡುತ್ತಾರೆ. ಎಚ್ಚರ ಬೇಕಾದ್ದು ಎರಡು ಕಡೆ.

ಸರಾಸರಿಯನ್ನು ನಂಬಬೇಡಿ. ಒಂದು ಬೈಲಿನಲ್ಲಿ ಹತ್ತು ಜನರೂ 6 ಅಂದರು. ಇನ್ನೊಂದರಲ್ಲಿ ಐದು ಜನ 10, ಐದು ಜನ 2 ಅಂದರು. ಎರಡೂ ಕಡೆ ಸರಾಸರಿ 6. ಎರಡನೆಯ ಬೈಲಿನಲ್ಲಿ ಬೆಂಕಿ ಬಿದ್ದಿದೆ, ಸರಾಸರಿಗೆ ಅದು ಕಾಣುವುದಿಲ್ಲ. ಅದಕ್ಕೇ ತೃಪ್ತಿಯ ಪ್ರಶ್ನೆಯಲ್ಲಿ 0ಯಿಂದ 4ರ ಒಳಗೆ ಹೇಳಿದವರು ಎಷ್ಟು ಜನ ಅಂತ ಎಣಿಸಿ. ಬ್ರಿಟನ್ನಿನಲ್ಲಿ ಇವರನ್ನು ಕೆಳಗಿನ ಪಂಕ್ತಿ ಅಂತ ಬೇರೆಯೇ ತೋರಿಸುತ್ತಾರೆ. ಆಮೇಲೆ ಆ ಜನ ಯಾರು ನೋಡಿ. ಹೆಂಗಸರೇ ಜಾಸ್ತಿಯಾ? ಗುಡ್ಡೆ ಮೇಲಿನವರಾ? ಎಪ್ಪತ್ತು ದಾಟಿದವರಾ? ನೀರು ಹೊತ್ತ ಮನೆಯವರಾ? ಕೆಲಸ ಎಲ್ಲಿಂದ ಶುರುವಾಗಬೇಕು ಅಂತ ಇದೇ ಹೇಳುತ್ತದೆ.

ಇನ್ನು, 100 ಮನೆಯ ಲೆಕ್ಕದಲ್ಲಿ ಶೇಕಡಾ 10ರಷ್ಟು ಅತ್ತಿತ್ತ ಇದ್ದೇ ಇರುತ್ತದೆ. 60 ಜನ ಹೌದು ಅಂದರೆ ವಾರ್ಡಿನಲ್ಲಿ ನಿಜವಾಗಿ ಅದು ಶೇಕಡಾ 50ರಿಂದ 70ರ ಒಳಗೆ ಎಲ್ಲಾದರೂ ಇರಬಹುದು. ಐದಾರು ಶೇಕಡಾ ವ್ಯತ್ಯಾಸ ಹಿಡಿದು ಬೊಬ್ಬೆ ಹಾಕಬೇಡಿ. ಈ ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ ಎರಡು ಪಟ್ಟಾದರೂ ಮನೆಗೆ ಹೋಗಬೇಕು. ಒಂದು ವಾರ್ಡಿಗೆ ಅಷ್ಟು ಶ್ರಮ ಬೇಡ ಅಂತ ನನ್ನ ಅಭಿಪ್ರಾಯ.

ಮೊದಲು ಜನರಿಗೆ, ಆಮೇಲೆ ಕಚೇರಿಗೆ

ಲೆಕ್ಕ ಮುಗಿದ ಕೂಡಲೇ ಕುಟುಂಬಶ್ರೀ ಸಭೆ, ಭಜನಾ ಮಂದಿರ, ಮದ್ರಸ, ಕ್ಲಬ್ಬು, ಜನ ಸೇರುವ ಎಲ್ಲ ಕಡೆ ಓದಿ ಹೇಳಿ. ‘ಇದು ಸರಿಯಾ’ ಅಂತ ಕೇಳಿ. ಅಂಕಿಯ ಹಿಂದಿನ ಕಾರಣ ಸಿಗುವುದು ಇಲ್ಲೇ. ಬೀದಿದೀಪ ಇದ್ದರೂ ಹುಡುಗಿಯರಿಗೆ ಭಯ ಅಂತ ಬಂದಿದ್ದರೆ, ಭಯ ಕತ್ತಲೆಯದ್ದಲ್ಲ, ಬೀದಿನಾಯಿಯದ್ದು ಅಂತ ಯಾರೋ ಒಬ್ಬರು ಹೇಳಿಬಿಡುತ್ತಾರೆ. ಇನ್ನಷ್ಟು ದೀಪ ಹಾಕಿ ದುಡ್ಡು ಕಳೆಯುವುದು ತಪ್ಪುತ್ತದೆ.

ಆಮೇಲೆ ಗ್ರಾಮಸಭೆ. 1994ರ ಕೇರಳ ಪಂಚಾಯತ್ ರಾಜ್ ಕಾನೂನಿನಂತೆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು, ವಾರ್ಡ್ ಮೆಂಬರ್ ಅದರ ಸಂಚಾಲಕರು. ಸಭೆ ನಡೆಯಲು ಬೇಕಾದ ಹಾಜರಿ, ಅಂದರೆ ಕೋರಂ, ಶೇಕಡಾ 10. 1996ರಲ್ಲಿ ಜನರೇ ಸೇರಿ ಯೋಜನೆ ರೂಪಿಸುವ ಜನಕೀಯಾಸೂತ್ರಣಂ ಶುರುವಾದಾಗ ರಾಜ್ಯದ ಯೋಜನಾ ಹಣದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ತೀರ್ಮಾನವಾಯಿತು. ಅಂದರೆ ಕೇಳಲು ನಿಜವಾದ ದುಡ್ಡು ಇದೆ. ಆದರೆ ಗ್ರಾಮಸಭೆಯ ದಿನ ಮೂವತ್ತು ಪುಟ ಹಿಡಿದು ಹೋದರೆ ಯಾರೂ ಓದುವುದಿಲ್ಲ. ಒಂದೇ ಹಾಳೆ, ಮೂರೇ ವಿಷಯ. ಒಂದು, ದುಡ್ಡೇ ಬೇಡದ್ದು: ನೋಟೀಸನ್ನು ಕನ್ನಡದಲ್ಲೂ ಹಾಕುವುದು, ಮಾತ್ರೆ ಕೊಡುವ ದಿನವನ್ನು ಮೊದಲೇ ತಿಳಿಸುವುದು, ಇಂಥದ್ದು. ಇದರಿಂದಲೇ ಶುರು ಮಾಡಿ, ಇಲ್ಲ ಅನ್ನಲು ಯಾರಿಗೂ ನೆಪ ಸಿಗುವುದಿಲ್ಲ. ಎರಡನೆಯದು ಪಂಚಾಯತ್ ದುಡ್ಡಿನಲ್ಲಿ ಆಗುವಂಥದ್ದು, ಒಂದು ಕಾಲುಸಂಕವೋ ಹಿರಿಯರ ಹಗಲು ಮನೆಯೋ. ಮೂರನೆಯದು ಮೇಲಿನವರಿಗೆ ಬರೆಯಬೇಕಾದ್ದು, ಬಸ್ಸು, ಹೆದ್ದಾರಿ ದಾಟುವ ಜಾಗ. ಅದಕ್ಕೆ ಗ್ರಾಮಸಭೆಯ ನಿರ್ಣಯ ಸಾಕು.

ಸಭೆಯಲ್ಲಿ ‘ನೋಡೋಣ’ ಅಂದರೆ ಅಲ್ಲಿಗೆ ಬಿಡಬೇಡಿ. ನಿರ್ಣಯ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ. ಯೋಜನೆ ರೂಪುಗೊಳ್ಳುವುದು ಪಂಚಾಯತಿನ ವರ್ಕಿಂಗ್ ಗ್ರೂಪಿನಲ್ಲಿ (ಒಂದೊಂದು ವಿಷಯದ ಸಮಿತಿ) ಮತ್ತು ವಿಕಸನ ಸೆಮಿನಾರಿನಲ್ಲಿ (ಕರಡು ಯೋಜನೆ ಚರ್ಚಿಸುವ ಸಭೆ). ಅಲ್ಲಿ ನಿಮ್ಮಲ್ಲೊಬ್ಬರು ಇರುವ ಹಾಗೆ ಮೆಂಬರರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ.

ಮತ್ತೊಮ್ಮೆ ಅಳೆಯುವಾಗ

ಮುಂದಿನ ವರ್ಷ ಅದೇ ತಿಂಗಳು, ಅದೇ ಪ್ರಶ್ನೆ, ಅದೇ ಮಾತು. ಪ್ರಶ್ನೆಯ ಒಂದು ಪದ ಬದಲಾದರೂ ಹೋದ ವರ್ಷದ ಜೊತೆ ಹೋಲಿಸಲು ಆಗದು. ಮನೆಗಳನ್ನು ಹೊಸದಾಗಿ ಚೀಟಿ ಎತ್ತಿ ಆರಿಸಿ.

ಅಂಕ ಏರಿದರೆ ಸಂಕ ಕಟ್ಟಿದ್ದರಿಂದಲೇ ಏರಿತು ಅಂತ ಬೀಗುವ ಮೊದಲು ಬೇರೆ ಏನೇನಾಯಿತು ಅಂತ ನೋಡಿ. ಕ್ಷೇಮ ಪಿಂಚಣಿ 2025ರ ನವೆಂಬರಿನಲ್ಲಿ 1,600ರಿಂದ 2,000 ರೂಪಾಯಿಗೆ ಏರಿತು. ಅದರ ಮೊದಲೊಮ್ಮೆ, ಆಮೇಲೊಮ್ಮೆ ಅಳೆದ ವಾರ್ಡಿನಲ್ಲಿ ಹಿರಿಯರ ಚಿಂತೆ ಕಡಿಮೆಯಾದದ್ದಕ್ಕೆ ನಿಮ್ಮ ಸಂಕ ಕಾರಣವಾಗಬೇಕೆಂದೇನೂ ಇಲ್ಲ. ಅಡಿಕೆಯ ದರ ಏರಿದ ವರ್ಷ ಇಡೀ ಬೈಲೇ ನಗುತ್ತದೆ. ಇದನ್ನು ತಿಳಿಯಲು ಸುಲಭ ಉಪಾಯ ಒಂದಿದೆ. ಸಂಕ ಕಟ್ಟಿದ ಬೈಲಿನ ಅಂಕವನ್ನು ಕಟ್ಟದ ಬೈಲಿನ ಅಂಕದ ಪಕ್ಕ ಇಡಿ. ಎರಡೂ ಕಡೆ ಒಂದೇ ಅಳತೆಯಲ್ಲಿ ಏರಿದ್ದರೆ ಕಾರಣ ಬೇರೆ ಎಲ್ಲೋ ಇದೆ.

ತುಂಬಿದ ಫಾರ್ಮುಗಳನ್ನು ಯಾರದೋ ಮನೆಯ ಅಟ್ಟದಲ್ಲಿ ಬಿಡಬೇಡಿ. ಕೂಡಿಸಿ ಮುಗಿದ ಮೇಲೆ ಸುಟ್ಟುಬಿಡಿ. ಒಟ್ಟು ಲೆಕ್ಕದ ಹಾಳೆ ಮತ್ತು ಪ್ರಶ್ನೆಗಳ ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿ ಇಡಿ. ಮೆಂಬರ್ ಬದಲಾದರೂ, ವಾರ್ಡಿನ ಗಡಿ ಬದಲಾದರೂ ಮುಂದಿನವರಿಗೆ ಅಲ್ಲಿ ಸಿಗುತ್ತದೆ.